ಪಿಟೀಲು ಸುಟ್ಟ ಹುಡುಗ, ಧೋಂಡಿಯನ ಮಗ: ವೆಲ್ಲಿಂಗ್ಟನ್ ಮನೆತನದ ಕತೆ

(ಶ್ರೀರಂಗಪಟ್ಟಣದಲ್ಲಿ ಇತಿಹಾಸಾಸಕ್ತ ಗೆಳೆಯರ ಮುಂದೆ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವಾಗ ಕಾವೇರಿಯ ಮೇಲಿರುವ ಹಳೆಯ ಕಲ್ಲುಕಂಬಗಳ ಸೇತುವೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು, 1804ರಲ್ಲಿ ಮುಗಿದದ್ದು. ಯಾವ ವೆಲ್ಲೆಸ್ಲಿ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ, ನೆಪೋಲಿಯನ್ನನನ್ನು ಸೋಲಿಸಿದವನಲ್ಲವೇ ಎನ್ನುತ್ತಾರೆ. ಅಲ್ಲ. ಸೇತುವೆಗೆ ಇಟ್ಟದ್ದು ಅವನ ಅಣ್ಣನ ಹೆಸರು, ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯದು. ಈ ತಪ್ಪನ್ನು ನಾನೂ ಬಹಳ ವರ್ಷ ಮಾಡಿದ್ದೆ. ಅದನ್ನು ತಿದ್ದಿಕೊಳ್ಳಲು ಹೋದಾಗಲೇ ಈ ಅಣ್ಣತಮ್ಮಂದಿರ ಮನೆಯೊಳಗೆ ಇಣುಕಿ ನೋಡುವ ಆಸೆ ಹುಟ್ಟಿತು.

ತಮ್ಮನ ಹೆಸರು ಆರ್ಥರ್. ಮುಂದೆ ವೆಲ್ಲಿಂಗ್ಟನ್ನಿನ ಮೊದಲ ಡ್ಯೂಕ್, ವಾಟರ್ಲೂ ಯುದ್ಧದ ದಳಪತಿ, ಎರಡು ಸಲ ಬ್ರಿಟನ್ನಿನ ಪ್ರಧಾನಿ. ಇವನ ಯುದ್ಧಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕಾಡಿದ ಪ್ರಶ್ನೆ ಬೇರೆ. ಹಣ, ಹುದ್ದೆ, ಕೊನೆಗೆ ಹೆಸರನ್ನು ಕೂಡ ಮನೆಯವರಿಂದಲೇ ಪಡೆದ ಮನುಷ್ಯ, ಮನೆಯೊಳಗೆ ಮಾತ್ರ ಯಾಕೆ ಅಷ್ಟು ಪರಕೀಯನಾಗಿ ಉಳಿದ? ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಈ ಮನೆತನದ ಹೆಸರು ಮೂಲದಲ್ಲಿ ವೆಲ್ಲೆಸ್ಲಿ ಅಲ್ಲ, ಕೋಲಿ. ಐರ್ಲೆಂಡಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಮೂಲದ ಜಮೀನ್ದಾರರು. ಆರ್ಥರನ ತಾತ ರಿಚರ್ಡ್ ಕೋಲಿಗೆ 1728ರಲ್ಲಿ ವೆಸ್ಲಿ ಎಂಬ ಬಂಧುವಿನ ಆಸ್ತಿ ಬಂತು. ಆಸ್ತಿಯ ಜೊತೆಗೆ ಹೆಸರನ್ನೂ ತೆಗೆದುಕೊಂಡ. ದತ್ತು ಹೋದ ಮನೆಯ ಹೆಸರು ಹೇಳಿಕೊಳ್ಳುವುದು ನಮಗೇನೂ ಹೊಸದಲ್ಲ. ಅವನ ಮಗ ಗ್ಯಾರೆಟ್ ವೆಸ್ಲಿ, ಮಾರ್ನಿಂಗ್ಟನ್ನಿನ ಮೊದಲ ಅರ್ಲ್, ಒಳ್ಳೆಯ ಸಂಗೀತಗಾರ. ಪಿಟೀಲು ನುಡಿಸುತ್ತಿದ್ದ, ಹಾಡುಗಳಿಗೆ ರಾಗ ಕಟ್ಟುತ್ತಿದ್ದ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 1764ರಲ್ಲಿ ಸಂಗೀತದ ಮೊದಲ ಪ್ರಾಧ್ಯಾಪಕನಾದವನು ಅವನೇ. ಆದರೆ ಲೆಕ್ಕಪತ್ರದಲ್ಲಿ ಮಾತ್ರ ತಾಳ ತಪ್ಪುತ್ತಿತ್ತು. 1781ರಲ್ಲಿ ತೀರಿಕೊಂಡಾಗ ಹಿರಿಯ ಮಗ ರಿಚರ್ಡನಿಗೆ ಪದವಿಯ ಜೊತೆ ಸಾಲವನ್ನೂ ಬಿಟ್ಟುಹೋದ. ರಿಚರ್ಡನಿಗೆ ಆಗ ಇಪ್ಪತ್ತು ವರ್ಷ, ಆರ್ಥರನಿಗೆ ಹನ್ನೆರಡು.

ಆರ್ಥರ್ ಹುಟ್ಟಿದ್ದು 1769ರಲ್ಲಿ, ಡಬ್ಲಿನ್ನಿನಲ್ಲಿ. ಕೊಟ್ಟಿಗೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಕುದುರೆಯಾಗುವುದಿಲ್ಲ ಎಂದು ತನ್ನ ಐರಿಷ್ ಹುಟ್ಟನ್ನು ಅವನೇ ತಳ್ಳಿಹಾಕಿದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ಅವನ ಮಾತಲ್ಲ. ಅವನನ್ನು ಚುಚ್ಚಲು ಐರಿಷ್ ನಾಯಕ ಡೇನಿಯಲ್ ಓಕಾನಲ್ ಆಡಿದ್ದು. ಸತ್ತವರ ಬಾಯಿಗೆ ಮಾತು ತುರುಕುವುದು ಸುಲಭ ಎಂದು ಇದನ್ನು ಹೇಳಿದೆ.

ಅಣ್ಣ ರಿಚರ್ಡ್ ಓದಿನಲ್ಲಿ ಮುಂದು, ಲ್ಯಾಟಿನ್ ಗ್ರೀಕ್ ಪದ್ಯಗಳಲ್ಲಿ ಪಂಡಿತ. ಎರಡನೆಯವನು ವಿಲಿಯಂ. ಕಿರಿಯರಾದ ಜೆರಾಲ್ಡ್ ಮತ್ತು ಹೆನ್ರಿ ಕೂಡ ಚುರುಕು. ನಡುವೆ ಸಿಕ್ಕಿಕೊಂಡ ಆರ್ಥರ್ ಮಾತ್ರ ಯಾವುದಕ್ಕೂ ಲಾಯಕ್ಕಿಲ್ಲದವನ ಹಾಗೆ ಕಾಣುತ್ತಿದ್ದ. ಈಟನ್ ಶಾಲೆಗೆ ಹಾಕಿದರು. ಮೂರು ವರ್ಷವಾದರೂ ಮೇಲೇಳಲಿಲ್ಲ. ಕೈಯಲ್ಲಿ ಹಣವಿಲ್ಲ, ತಮ್ಮಂದಿರು ಓದಿನಲ್ಲಿ ಚೆನ್ನಾಗಿದ್ದಾರೆ, ಹಾಗಾಗಿ ಶಾಲೆ ಬಿಡಿಸಿದ್ದು ಇವನನ್ನೇ. ವಿಧವೆ ತಾಯಿ ಆನ್, ಖರ್ಚು ಕಡಿಮೆಯೆಂದು ಬ್ರಸೆಲ್ಸ್‌ಗೆ ಹೋಗಿ ನೆಲೆಸಿದಾಗ ಇವನನ್ನೂ ಕರೆದೊಯ್ದಳು. ಅಲ್ಲಿಂದ 1786ರಲ್ಲಿ ಫ್ರಾನ್ಸಿನ ಆಂಜೆ ಎಂಬ ಊರಿನ ಕುದುರೆ ಸವಾರಿಯ ಶಾಲೆಗೆ. ಈ ಪೆದ್ದು ಹುಡುಗ ಗುಂಡಿಗೆ ಆಹಾರವಾಗಲಷ್ಟೇ ಯೋಗ್ಯ ಎಂದು ತಾಯಿಯೇ ಹೇಳುತ್ತಿದ್ದಳಂತೆ. ಹೆತ್ತವಳ ಬಾಯಲ್ಲಿ ಆ ಮಾತು ಬಂದಿದ್ದರೆ, ಬಂದಿರಬಹುದು ಎಂದೇ ನನ್ನ ಅನಿಸಿಕೆ, ಹುಡುಗ ಅದನ್ನು ಮರೆತಿರಲಾರ.

ಅವನಿಗೆ ಪ್ರಿಯವಾಗಿದ್ದದ್ದು ಒಂದೇ. ಅಪ್ಪನಿಂದ ಬಂದ ಪಿಟೀಲು.

1787ರಲ್ಲಿ ಅಣ್ಣ ರಿಚರ್ಡ್ ಐರ್ಲೆಂಡಿನ ಲಾರ್ಡ್ ಲೆಫ್ಟಿನೆಂಟಿಗೆ, ಅಂದರೆ ಅಲ್ಲಿದ್ದ ದೊರೆಯ ಪ್ರತಿನಿಧಿಗೆ, ಕಾಗದ ಬರೆದು, ತಮ್ಮನಿಗೊಂದು ಸೈನ್ಯದ ಕೆಲಸ ಕೊಡಿಸಿ ಎಂದು ಕೇಳಿಕೊಂಡ. ಹೀಗೆ ಆರ್ಥರ್ ಸಿಪಾಯಿಯಾದದ್ದು ಶಿಫಾರಸಿನಿಂದ. ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೆಲೆ. ಮೇಜರ್, ಆಮೇಲೆ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್, ಎಲ್ಲಕ್ಕೂ ಅಣ್ಣನ ಹಣವೇ ಊರುಗೋಲು. 1790ರಲ್ಲಿ ಐರಿಷ್ ಪಾರ್ಲಿಮೆಂಟಿನ ಸದಸ್ಯನಾದ, ಟ್ರಿಮ್ ಎಂಬ ಊರಿನಿಂದ. ಅದೂ ಮನೆತನದ ಕೈಯಲ್ಲಿದ್ದ ಸ್ಥಾನವೇ.

ಆ ದಿನಗಳಲ್ಲೇ ಕಿಟ್ಟಿ ಪಾಕೆನ್‌ಹ್ಯಾಮ್ ಎಂಬ ಹುಡುಗಿಯ ಮೇಲೆ ಮನಸ್ಸಾಯಿತು. ಲಾಂಗ್‌ಫರ್ಡ್ ಪ್ರಭುವಿನ ಮನೆಯ ಮಗಳು, ಓದುವ ಹುಚ್ಚಿನವಳು, ಡಬ್ಲಿನ್ನಿನಲ್ಲಿ ಎಲ್ಲರಿಗೂ ಬೇಕಾದವಳು. ಮನೆಯವರು ಒಪ್ಪಲಿಲ್ಲ. ಸಾಲದ ಮನೆಯ ಕಿರಿಯ ಮಗ, ಆಸ್ತಿಯಿಲ್ಲ, ಹುದ್ದೆ ಸಣ್ಣದು. ಹುಡುಗಿಯ ತಮ್ಮ ಖಡಾಖಂಡಿತವಾಗಿ ಬೇಡವೆಂದ. ಅದು 1793. ಆರ್ಥರ್ ಆಗ ತನ್ನ ಪಿಟೀಲುಗಳನ್ನು ತಾನೇ ಬೆಂಕಿಗೆ ಹಾಕಿದ. ಆಮೇಲೆ ಜೀವಮಾನದಲ್ಲಿ ಅದನ್ನು ಮುಟ್ಟಲಿಲ್ಲ, ಅದರ ಮಾತೆತ್ತುವುದೂ ಅವನಿಗೆ ಹಿಡಿಸುತ್ತಿರಲಿಲ್ಲ. ಕಿಟ್ಟಿಗೆ ಮಾತ್ರ ಒಂದು ಕಾಗದ ಬರೆದ. ಮುಂದೆ ನಿಮ್ಮ ಮನೆಯವರ ಮನಸ್ಸು ಬದಲಾದರೆ, ನನ್ನ ಮನಸ್ಸು ಹಾಗೆಯೇ ಇರುತ್ತದೆ ಎಂಬ ಅರ್ಥದ ಒಂದು ಸಾಲು ಅದರಲ್ಲಿತ್ತು. ಇಪ್ಪತ್ತರ ಹರೆಯದಲ್ಲಿ ಬರೆದ ಒಂದು ಸಾಲು ಮನುಷ್ಯನನ್ನು ಎಷ್ಟು ದೂರ ಎಳೆದುಕೊಂಡು ಹೋಗಬಲ್ಲದು ಎಂಬುದನ್ನು ಮುಂದೆ ನೋಡೋಣ.

1797ರ ಫೆಬ್ರವರಿಯಲ್ಲಿ ಕಲ್ಕತ್ತಾದಲ್ಲಿ ಇಳಿದ. ಹಡಗಿನ ಪೆಟ್ಟಿಗೆಯಲ್ಲಿ ಪುಸ್ತಕಗಳನ್ನು ತುಂಬಿಕೊಂಡು ಬಂದಿದ್ದ. ಪಿಟೀಲಿದ್ದ ಜಾಗಕ್ಕೆ ಯುದ್ಧಶಾಸ್ತ್ರ, ಭಾರತದ ಚರಿತ್ರೆ ಬಂದು ಕೂತಿದ್ದವು. ಮರುವರ್ಷ ಅಣ್ಣನೇ ಗವರ್ನರ್ ಜನರಲ್ ಆಗಿ ಬಂದ, ತಮ್ಮ ಹೆನ್ರಿ ಅವನ ಕಾರ್ಯದರ್ಶಿಯಾಗಿ ಜೊತೆಗೆ ಬಂದ. ವೆಸ್ಲಿ ಎಂಬ ಹೆಸರನ್ನು ಇನ್ನೂ ಹಳೆಯ, ಇನ್ನೂ ಗಂಭೀರವಾದ ವೆಲ್ಲೆಸ್ಲಿ ಎಂಬ ರೂಪಕ್ಕೆ ರಿಚರ್ಡ್ ತಿರುಗಿಸಿದ್ದ. 1798ರಿಂದ ಆರ್ಥರನ ಸಹಿಯೂ ಬದಲಾಯಿತು. ಸಹಿ ಹೇಗೆ ಹಾಕಬೇಕೆಂಬುದನ್ನೂ ಅಣ್ಣನೇ ತೀರ್ಮಾನಿಸಿದ ಹಾಗಾಯಿತು.

ಇನ್ನು ನಮ್ಮ ನೆಲಕ್ಕೆ ಬರೋಣ. 1799ರ ಏಪ್ರಿಲ್ 5ರ ರಾತ್ರಿ, ಇಲ್ಲಿಂದ ಕೂಗಳತೆಯ ಸುಲ್ತಾನ್‌ಪೇಟೆ ತೋಪು. ಒತ್ತಾದ ಮರಗಳು, ನಡುನಡುವೆ ನೀರಿನ ಕಾಲುವೆಗಳು, ಕಗ್ಗತ್ತಲೆ. ಹಗಲಲ್ಲಿ ಒಮ್ಮೆಯೂ ನೋಡದ ಜಾಗಕ್ಕೆ ಕರ್ನಲ್ ಆರ್ಥರ್ ತನ್ನ 33ನೇ ರೆಜಿಮೆಂಟನ್ನು ನುಗ್ಗಿಸಿದ. ಟಿಪ್ಪುವಿನ ರಾಕೆಟ್ ಬಾಣದವರು, ಬಂದೂಕಿನವರು ತಯಾರಾಗಿ ಕಾಯುತ್ತಿದ್ದರು. ಪಡೆ ಚೆಲ್ಲಾಪಿಲ್ಲಿಯಾಯಿತು. ಮಂಡಿಗೆ ಗುಂಡು ತಾಗಿದ ಆರ್ಥರ್ ಕತ್ತಲಲ್ಲಿ ದಾರಿ ತಪ್ಪಿ, ಹೇಗೋ ಪಾಳೆಯಕ್ಕೆ ಮರಳಿದ. ಸೆರೆ ಸಿಕ್ಕ 12 ಸಿಪಾಯಿಗಳನ್ನು ಮುಂದೆ ಕೊಲ್ಲಲಾಯಿತು. ಮರುದಿನ ಬೆಳಕಿನಲ್ಲಿ, ಹೆಚ್ಚು ಬಲದೊಂದಿಗೆ ಅದೇ ತೋಪನ್ನು ಹಿಡಿದ ಎನ್ನುವುದು ಬೇರೆ ಮಾತು. ಹಗಲಲ್ಲಿ ಕಣ್ಣಾರೆ ನೋಡದ ಶತ್ರುನೆಲೆಯ ಮೇಲೆ ರಾತ್ರಿ ಎಂದೂ ದಾಳಿ ಮಾಡುವುದಿಲ್ಲ ಎಂದು ಅಣ್ಣನಿಗೆ ಬರೆದ. ಜನರಲ್ ಹ್ಯಾರಿಸನ ದಂಡಿನಲ್ಲಿ ಬೇರೆ ಯಾರೇ ಹೀಗೆ ಎಡವಿದ್ದರೂ ಮೇಲೇಳುತ್ತಿದ್ದರೋ ಇಲ್ಲವೋ. ಇವನಿಗೆ ಅಣ್ಣನ ನೆರಳಿತ್ತು.

ಮೇ 4ರ ಲಗ್ಗೆಯನ್ನು ನಡೆಸಿದ್ದು ಡೇವಿಡ್ ಬೇರ್ಡ್. ಅವನಿಗೂ ಈ ಊರಿಗೂ ಹಳೆಯ ಲೆಕ್ಕವಿತ್ತು. 1780ರ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರನ ಕೈಗೆ ಸಿಕ್ಕಿ, ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಇದೇ ಕೋಟೆಯಲ್ಲಿ ಬಂಧಿಯಾಗಿದ್ದವನು. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಕಟ್ಟಿದ್ದಾರೆಂಬ ಸುದ್ದಿ ತಲುಪಿದಾಗ ಸ್ಕಾಟ್ಲೆಂಡಿನಲ್ಲಿದ್ದ ಅವನ ತಾಯಿ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನ ಪಾಡೇನು ಪಾಪ ಎಂದಳಂತೆ. ಮಗನ ಒರಟುತನ ತಾಯಿಗೆ ಗೊತ್ತಿತ್ತು. ಆ ಮಾತಿನಲ್ಲಿ ಸಲುಗೆಯಿದೆ, ಆರ್ಥರನ ತಾಯಿಯ ಮಾತಿನಲ್ಲಿ ನನಗೆ ಅದು ಕೇಳಿಸುವುದಿಲ್ಲ.

ಲಗ್ಗೆಯ ದಿನ ಆರ್ಥರ್ ಹಿಂದಿನ ಮೀಸಲು ಪಡೆಯಲ್ಲಿದ್ದ. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಹೆಣಗಳ ರಾಶಿಯಿಂದ ಟಿಪ್ಪುವಿನ ದೇಹವನ್ನು ಹೊರತೆಗೆದಾಗ, ನಾಡಿ ಹಿಡಿದು ನೋಡಿ ಜೀವ ಹೋಗಿದೆಯೆಂದು ಹೇಳಿದವನು ಅವನು. ಆ ರಾತ್ರಿ ಪಟ್ಟಣದಲ್ಲಿ ನಡೆದ ಸೂರೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಈ ಊರಿನವರಾದ ನಿಮಗೆ ಅದು ಮನೆಮಾತು. ಮರುದಿನ ಪಟ್ಟಣದ ಹೊಣೆಯನ್ನು ಬೇರ್ಡ್‌ನಿಂದ ತೆಗೆದು ಆರ್ಥರನಿಗೆ ಕೊಟ್ಟರು. ಅರಮನೆಯಲ್ಲಿ ಬೇರ್ಡ್ ತನ್ನವರೊಂದಿಗೆ ಬೆಳಗಿನ ತಿಂಡಿಗೆ ಕೂತಿದ್ದಾಗ ಆರ್ಥರ್ ಬಂದು ಆಜ್ಞೆ ತೋರಿಸಿದ. ಏಳಿ, ನಮಗಿನ್ನು ಇಲ್ಲೇನೂ ಕೆಲಸವಿಲ್ಲ ಎಂದು ಬೇರ್ಡ್ ಎದ್ದ. ತಿಂಡಿ ಮುಗಿಸಿ ಹೋಗಿ ಎಂದ ಆರ್ಥರ್. ಸೂರೆ ಮಾಡುತ್ತಿದ್ದ ನಾಲ್ವರು ಸಿಪಾಯಿಗಳನ್ನು ಗಲ್ಲಿಗೇರಿಸಿದ ಮೇಲೆ ಊರು ತಣ್ಣಗಾಯಿತು. ಲಗ್ಗೆ ಹೊಡೆದವನನ್ನು ಬಿಟ್ಟು ಗವರ್ನರ್ ಜನರಲ್‌ನ ತಮ್ಮನಿಗೆ ಪಟ್ಟ ಕಟ್ಟಿದರೆಂದು ಬೇರ್ಡ್ ಜೀವಮಾನವಿಡೀ ನೊಂದುಕೊಂಡ. ಅವನ ನೋವಿನಲ್ಲಿ ನ್ಯಾಯವಿದೆ. ಆ ಕೆಲಸಕ್ಕೆ ತಾನೇ ತಕ್ಕವನಾಗಿದ್ದೆ ಎಂದು ಆರ್ಥರ್ ಮುಂದೆ ಹೇಳಿಕೊಂಡದ್ದರಲ್ಲೂ ಸತ್ಯವಿದೆ ಎಂದು ಒಪ್ಪಬೇಕಾಗುತ್ತದೆ.

ವಿಜಯದ ಹಂಚಿಕೆಯಲ್ಲಿ ಆರ್ಥರನಿಗೆ ಬಂದ ಪಾಲು ಸುಮಾರು 4,000 ಪೌಂಡ್. ಹುದ್ದೆ ಕೊಳ್ಳಲು ಕೊಟ್ಟ ಸಾಲವನ್ನು ಹಿಂತಿರುಗಿಸುತ್ತೇನೆ ಎಂದು ಅಣ್ಣನಿಗೆ ಬರೆದ. ಬೇಡ ಎಂದ ಅಣ್ಣ. ಆ ಅಣ್ಣನಿಗೇ ಆಗ ಬೇರೊಂದು ಸಂಕಟ. ಮೈಸೂರು ಗೆದ್ದದ್ದಕ್ಕೆ ಇಂಗ್ಲೆಂಡಿನ ದೊಡ್ಡ ಪದವಿ ಸಿಗುತ್ತದೆಂದು ಕಾದಿದ್ದ, ಸಿಕ್ಕಿದ್ದು ಐರ್ಲೆಂಡಿನ ಮಾರ್ಕ್ವಿಸ್ ಪದವಿ. ಅದನ್ನು ಚಿನ್ನದ ನೀರು ಹಾಕಿದ ಆಲೂಗಡ್ಡೆ ಎಂದು ಕರೆದು ಕುದಿದ.

ಆರ್ಥರ್ ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ. ಅಲ್ಲಿನ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆಯಲ್ಲ, ಇಂಗ್ಲಿಷರು ಸೋತು ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಗ್ಗಿ ಕೂತಿರುವ ಚಿತ್ರ, ಅದು ಮಾಸಿಹೋಗಿತ್ತು. ತನ್ನವರ ಸೋಲಿನ ಆ ಚಿತ್ರವನ್ನು ಮತ್ತೆ ಬಣ್ಣ ಹಚ್ಚಿಸಿ ಉಳಿಸಿದವನು ಆರ್ಥರ್. ಇನ್ನೊಬ್ಬನಾಗಿದ್ದರೆ ಸುಣ್ಣ ಬಳಿಸುತ್ತಿದ್ದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ ಆಯೋಗದಲ್ಲಿ ಆರ್ಥರ್, ಹೆನ್ರಿ ಇಬ್ಬರೂ ಇದ್ದರು. ಪೂರ್ಣಯ್ಯನವರ ಮೇಲೆ ಅವನಿಗೆ ಬಹಳ ಗೌರವ. 1805ರಲ್ಲಿ ದೇಶ ಬಿಡುವಾಗ ನೆನಪಿಗಿರಲಿ ಎಂದು ತನ್ನದೊಂದು ಭಾವಚಿತ್ರವನ್ನೇ ದಿವಾನರಿಗೆ ಕೊಡಮಾಡಿದ.

ಈಗ ಧೋಂಡಿಯ ವಾಘನ ಕತೆ. ಚನ್ನಗಿರಿಯ ಕಡೆಯವನು, ಹೈದರನ ಕುದುರೆಸವಾರ. ಟಿಪ್ಪು ಅವನನ್ನು ಸೆರೆಯಲ್ಲಿಟ್ಟಿದ್ದ. ಪಟ್ಟಣ ಬಿದ್ದ ದಿನ ತಪ್ಪಿಸಿಕೊಂಡು ಹೋಗಿ, ಮಲೆನಾಡು ಬಯಲುಸೀಮೆಗಳ ಅಂಚಿನಲ್ಲಿ ಸಾವಿರಾರು ಸವಾರರ ದಂಡು ಕಟ್ಟಿದ, ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡ. 1800ರಲ್ಲಿ ಆರ್ಥರ್ ಹರಿಹರದ ಹತ್ತಿರ ತುಂಗಭದ್ರೆ ದಾಟಿ ಅವನ ಬೆನ್ನು ಹತ್ತಿದ. ಕುಂದಗೋಳ, ಸವಣೂರು, ಡಂಬಳ, ಮಲಪ್ರಭೆಯ ದಡದ ಮುನವಳ್ಳಿ. ಮುಂಗಾರಿನ ನದಿಗಳನ್ನು ಹರಿಗೋಲಿನಲ್ಲಿ ದಾಟಿಸಿ, ಎತ್ತುಗಳ ಮೇಲೆ ದವಸ ಹೇರಿದ ಲಮಾಣಿ ತಾಂಡಾಗಳನ್ನು ನಂಬಿಕೊಂಡು ಸೈನ್ಯ ನಡೆಸುವ ವಿದ್ಯೆಯನ್ನು ಅವನು ಕಲಿತದ್ದು ಇಲ್ಲಿಯೇ. ಮುಂದೆ ಸ್ಪೇನಿನ ಬೆಟ್ಟಗಳಲ್ಲಿ ಗಾಡಿ ಕೆಟ್ಟು ದವಸ ಬಾರದಾದಾಗ ಮೈಸೂರಿನ ಅಮೃತಮಹಲ್ ಎತ್ತುಗಳನ್ನು ನೆನೆದು ಹಲುಬುತ್ತಿದ್ದ. ಅವನನ್ನು ದೊಡ್ಡ ದಳಪತಿ ಮಾಡಿದ್ದು ಯುರೋಪಿನ ಯಾವ ಶಾಲೆಯೂ ಅಲ್ಲ, ಈ ಎತ್ತುಗಳು ಮತ್ತು ಲಮಾಣಿಗಳು ಎಂದರೆ ನಾನು ಅತಿಯಾಗಿ ಹೇಳಿದಂತಾಗದು.

ಸೆಪ್ಟೆಂಬರ್ 10ರಂದು ಕೋನಗಲ್ ಎಂಬಲ್ಲಿ, ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯ ಸತ್ತ. ಅವನ ಹೆಣವನ್ನು ಫಿರಂಗಿಯ ಮೇಲೆ ಕಟ್ಟಿ ಪಾಳೆಯಕ್ಕೆ ತಂದರು. ಸಾಮಾನು ಸರಂಜಾಮುಗಳ ನಡುವೆ ಒಂದು ಮಗು ಸಿಕ್ಕಿತು. ನಾಲ್ಕು ವರ್ಷದ ಗಂಡುಮಗು, ಹೆಸರು ಸಲಾಬತ್ ಖಾನ್. ಧೋಂಡಿಯನ ಸ್ವಂತ ಮಗ ಎನ್ನುವವರಿದ್ದಾರೆ, ಸಾಕುಮಗ ಎನ್ನುವವರೂ ಇದ್ದಾರೆ. ಆರ್ಥರ್ ಆ ಮಗುವನ್ನು ತನ್ನ ಡೇರೆಗೆ ಕರೆತರಿಸಿದ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ. ತಾನು ಇಲ್ಲಿರುವಷ್ಟು ಕಾಲ ತಾನೇ ನೋಡಿಕೊಂಡ. ಹೊರಡುವಾಗ ಹುಡುಗನ ಊಟ ಬಟ್ಟೆ ವಿದ್ಯೆಗೆಂದು ಕೆಲವು ನೂರು ಪೌಂಡ್ ಹಣವನ್ನು ಇಲ್ಲಿನ ಅಧಿಕಾರಿಯ ಕೈಯಲ್ಲಿಟ್ಟು ಹೋದ.

ಇದನ್ನು ಕೇಳಿ ಅವನನ್ನು ದಯಾಮೂರ್ತಿ ಎಂದುಕೊಳ್ಳಬೇಡಿ. 1802ರಲ್ಲಿ ಸಕಲೇಶಪುರದ ಕಡೆಯ ಬಲಂ ಪಾಳೆಯಗಾರನನ್ನು ಕಾಡಿನೊಳಗೆ ಅಟ್ಟಿಸಿಕೊಂಡು ಹೋಗಿ ಹಿಡಿದು, ಗಲ್ಲಿಗೇರಿಸಿದವನೂ ಇವನೇ. ಕಂಪನಿಯ ಆಳ್ವಿಕೆಯನ್ನು ನಮ್ಮ ಮೇಲೆ ಕೂರಿಸಲು ಬಂದವನು, ಆ ಕೆಲಸವನ್ನು ಚಾಚೂ ತಪ್ಪದೆ ಮಾಡಿದ. ಆದರೂ ಸಲಾಬತ್‌ನ ವಿಷಯದಲ್ಲಿ ಅವನಿಗೆ ಯಾರ ಒತ್ತಾಯವೂ ಇರಲಿಲ್ಲ. ಅಣ್ಣನ ಶಿಫಾರಸಿಲ್ಲ, ಮನೆತನದ ಲಾಭವಿಲ್ಲ, ಮಾತಿಗೆ ಕಟ್ಟುಬಿದ್ದದ್ದೂ ಅಲ್ಲ. ಅವನ ಬದುಕಿನಲ್ಲಿ ತಾನಾಗಿ ಆರಿಸಿಕೊಂಡ ನಂಟು ನನಗೆ ಕಾಣುವುದು ಇದೊಂದೇ, ಅದಕ್ಕೇ ಇಷ್ಟು ಹೊತ್ತು ಇಲ್ಲಿ ನಿಂತೆ.

1803ರ ಅಸಾಯಿ ಯುದ್ಧವನ್ನು ಎರಡೇ ಮಾತಿನಲ್ಲಿ ದಾಟುತ್ತೇನೆ. ಮರಾಠರ ಭಾರಿ ಸೈನ್ಯದೆದುರು ಇವನ ಬಳಿ ಇದ್ದದ್ದು ಸುಮಾರು 7,000 ಜನ. ಜೊತೆಗೆ ಮೈಸೂರಿನ ಕುದುರೆಸವಾರರೂ ಇದ್ದರು. ನದಿಯ ಎರಡೂ ದಡದಲ್ಲಿ ಎದುರುಬದುರಾಗಿ ಎರಡು ಹಳ್ಳಿಗಳಿವೆ ಎಂದಮೇಲೆ ನಡುವೆ ಜನ ದಾಟುವ ಜಾಗ ಇದ್ದೇ ಇರಬೇಕು ಎಂದು ಲೆಕ್ಕ ಹಾಕಿ ಅಲ್ಲಿ ದಾಟಿದ, ಗೆದ್ದ. ಸತ್ತವರು ಗಾಯಗೊಂಡವರು ಸೇರಿ ಅವನ ಕಡೆ 1,500ಕ್ಕೂ ಹೆಚ್ಚು. ವಾಟರ್ಲೂ ಆದಮೇಲೂ, ತಾನು ಯುದ್ಧದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅಸಾಯಿಯದು ಎನ್ನುತ್ತಿದ್ದ.

1805ರಲ್ಲಿ ಇಂಗ್ಲೆಂಡಿಗೆ ಮರಳಿದಾಗ ಕೈಯಲ್ಲಿ ಸುಮಾರು 42,000 ಪೌಂಡ್ ಇತ್ತು. ಹೆಸರಿನ ಮುಂದೆ ಸರ್ ಸೇರಿತ್ತು. ಕಿಟ್ಟಿ ಇನ್ನೂ ಮದುವೆಯಾಗಿಲ್ಲ, ನಿಮ್ಮನ್ನೇ ನೆನೆಯುತ್ತಿದ್ದಾಳೆ ಎಂದು ಇಬ್ಬರಿಗೂ ಬೇಕಾದ ಗೆಳತಿಯೊಬ್ಬಳು ಹೇಳಿದಳು. ನಡುವೆ ಲೌರಿ ಕೋಲ್ ಎಂಬ ಸೇನಾಧಿಕಾರಿಯೊಂದಿಗೆ ಕಿಟ್ಟಿಗೆ ಮದುವೆಯ ಮಾತಾಗಿತ್ತು. ಆರ್ಥರನ ಹಳೆಯ ಕಾಗದ ನೆನಪಾಗಿ ಅವಳು ಹಿಂದೆ ಸರಿದಿದ್ದಳು. ಅದೇ ಕೋಲ್ ಮುಂದೆ ಸ್ಪೇನಿನಲ್ಲಿ ಆರ್ಥರನ ಕೈಕೆಳಗೆ ಡಿವಿಷನ್ ನಡೆಸಿದ. ಆರ್ಥರ್ ಒಮ್ಮೆಯೂ ಹೋಗಿ ಹುಡುಗಿಯನ್ನು ನೋಡದೆ, ಕಾಗದದಲ್ಲೇ ಮದುವೆ ಕೇಳಿದ. ಕೊಟ್ಟ ಮಾತು ಮಾತು. ಕಿಟ್ಟಿಯೇ ಅಳುಕಿ, ಮೊದಲು ಬಂದು ನನ್ನನ್ನೊಮ್ಮೆ ನೋಡಿ, ನಾನು ಬದಲಾಗಿದ್ದೇನೆ ಎಂದು ಹೇಳಿಕಳಿಸಿದಳು. ಅವನು ಕೇಳಲಿಲ್ಲ. 1806ರ ಏಪ್ರಿಲ್ 10ರಂದು ಡಬ್ಲಿನ್ನಿನಲ್ಲಿ ಮದುವೆ. ಶಾಸ್ತ್ರ ನಡೆಸಿದ್ದು ಪಾದ್ರಿಯಾಗಿದ್ದ ತಮ್ಮ ಜೆರಾಲ್ಡ್. ವಧುವನ್ನು ಹನ್ನೊಂದು ಹನ್ನೆರಡು ವರ್ಷಗಳ ಮೇಲೆ ಕಂಡ ಆರ್ಥರ್ ತಮ್ಮನ ಕಿವಿಯಲ್ಲಿ, ಇವಳು ಕುರೂಪಿಯಾಗಿಬಿಟ್ಟಿದ್ದಾಳಲ್ಲೋ ಎಂದ.

ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹನ್ನೆರಡು ವರ್ಷ ಅವಳೊಬ್ಬಳಿಗೇ ಕಳೆದಿದ್ದವೇ? ಇವನ ಮುಖದ ಮೇಲೆ ಶ್ರೀರಂಗಪಟ್ಟಣದ ಬಿಸಿಲು, ಮಲೆನಾಡಿನ ಜ್ವರ ಏನನ್ನೂ ಬರೆದಿರಲಿಲ್ಲವೇ?

ಇಬ್ಬರು ಗಂಡುಮಕ್ಕಳಾದರು. 1807ರಲ್ಲಿ ಆರ್ಥರ್ ರಿಚರ್ಡ್, 1808ರಲ್ಲಿ ಚಾರ್ಲ್ಸ್. 1809ರಲ್ಲಿ ಸ್ಪೇನ್ ಪೋರ್ಚುಗಲ್ಲಿನ ಯುದ್ಧಕ್ಕೆ ಹೋದವನು ಐದು ವರ್ಷ ಮನೆಯ ಕಡೆ ಮುಖ ಹಾಕಲಿಲ್ಲ. ಹೋಗುವಾಗ ಎರಡು ವರ್ಷದವನಾಗಿದ್ದ ಹಿರಿಯ ಮಗ, ಅಪ್ಪ ಬರುವಾಗ ಏಳು ವರ್ಷದವನು. ಕಿಟ್ಟಿಗೆ ದೃಷ್ಟಿ ಮಂದ. ಎದುರಿಗೆ ಬಂದವರ ಗುರುತು ಹತ್ತದೆ ಜನರಿಗೆ ಬಿಗುಮಾನದವಳಂತೆ ಕಾಣುತ್ತಿದ್ದಳು. ಮನೆಖರ್ಚಿನ ಲೆಕ್ಕ ತಪ್ಪಿ ಸಾಲವಾದಾಗ ಗಂಡನ ಹೆದರಿಕೆಯಿಂದ ಮುಚ್ಚಿಟ್ಟಳು. ಸೈನ್ಯದ ಒಂದೊಂದು ಮೂಟೆ ಜೋಳಕ್ಕೂ ಲೆಕ್ಕ ಕೇಳುತ್ತಿದ್ದ ಮನುಷ್ಯನಿಗೆ ಅದು ಕ್ಷಮಿಸಲಾಗದ ತಪ್ಪಾಯಿತು.

ಅದೇ 1809ರಲ್ಲಿ ತಮ್ಮ ಹೆನ್ರಿಯ ಮನೆ ಒಡೆಯಿತು. ಅವನ ಹೆಂಡತಿ ಶಾರ್ಲಟ್, ಹೆನ್ರಿ ಪ್ಯಾಜೆಟ್ ಎಂಬ ಪ್ರಭುವಿನೊಂದಿಗೆ ಓಡಿಹೋದಳು. ಲಂಡನ್ನಿನ ತುಂಬ ಅದೇ ಮಾತು. ಪ್ಯಾಜೆಟ್ ಒಳ್ಳೆಯ ಕುದುರೆಪಡೆ ನಾಯಕ. ಆದರೂ ಸ್ಪೇನಿನಲ್ಲಿ ಆರ್ಥರನ ಕೈಕೆಳಗೆ ಅವನಿಗೆ ಜಾಗವಾಗಲಿಲ್ಲ. 1815ರಲ್ಲಿ ವಾಟರ್ಲೂ ಬಂದಾಗ ಮಾತ್ರ ಕುದುರೆಪಡೆ ಅವನ ಕೈಗೇ ಹೋಯಿತು. ತಮ್ಮನ ಸಂಸಾರ ಕೆಡಿಸಿದವನನ್ನು ಜೊತೆಗಿಟ್ಟುಕೊಂಡೇ ಆ ದಿನ ಯುದ್ಧ ನಡೆಸಿದ. ಕೊನೆಯ ಗಳಿಗೆಯಲ್ಲಿ ಗುಂಡು ಬಿದ್ದು ಪ್ಯಾಜೆಟ್‌ನ ಕಾಲು ಹೋಯಿತು.

ಶಾರ್ಲಟ್ ಬಿಟ್ಟುಹೋದ ಮಕ್ಕಳಲ್ಲಿ ಒಂದು ಎಳೆಗೂಸು, ಜೆರಾಲ್ಡ್. ಅದನ್ನು ಎತ್ತಿಕೊಂಡು ಸಾಕಿದವಳು ಕಿಟ್ಟಿ. ಅವಳಿಗೆ ಅವನೆಂದರೆ ಪ್ರಾಣ. ಮುಂದೆ ಆ ಹುಡುಗ ವಿಂಡ್ಸರಿನ ಡೀನ್ ಆದ, ವಿಕ್ಟೋರಿಯಾ ರಾಣಿಗೆ ನಂಬಿಕೆಯ ಸಲಹೆಗಾರನಾದ. ಗಂಡ ಇಲ್ಲಿ ಶತ್ರುವಿನ ಮಗನನ್ನು ಎತ್ತಿಕೊಂಡಿದ್ದ, ಹೆಂಡತಿ ಅಲ್ಲಿ ಓಡಿಹೋದವಳ ಮಗನನ್ನು ಎತ್ತಿಕೊಂಡಳು. ಒಂದೇ ಬಗೆಯ ಕರುಳಿನ ಇಬ್ಬರು ಒಂದೇ ಮನೆಯಲ್ಲಿದ್ದರು.

ವೆಲ್ಲಿಂಗ್ಟನ್ ಎಂಬ ಹೆಸರೂ ಮನೆಯವರ ಆಯ್ಕೆಯೇ. 1809ರಲ್ಲಿ ತಲವೇರಾ ಯುದ್ಧ ಗೆದ್ದಾಗ ವೈಕೌಂಟ್ ಪದವಿ ಬಂತು. ಯಾವ ಹೆಸರಿನಲ್ಲಿ ಬೇಕೆಂದು ಕೇಳಲು ಅವನು ಊರಲ್ಲಿಲ್ಲ. ಅಣ್ಣ ವಿಲಿಯಂ ನಕಾಶೆ ನೋಡಿ, ಸೋಮರ್‌ಸೆಟ್ ಸೀಮೆಯಲ್ಲಿ ವೆಲ್ಲೆಸ್ಲಿಗೆ ಹತ್ತಿರ ಕೇಳಿಸುವ ವೆಲ್ಲಿಂಗ್ಟನ್ ಎಂಬ ಊರನ್ನು ಹುಡುಕಿ ಬರೆಸಿದ. 1814ರಲ್ಲಿ ಅದೇ ಹೆಸರಿನ ಡ್ಯೂಕ್ ಆದ. ಅಲ್ಲಿಗೆ ತಕ್ಕಡಿ ತಿರುಗಿತು. ಡ್ಯೂಕ್‌ಗಿಂತ ಮಾರ್ಕ್ವಿಸ್ ಕೆಳಗೆ. ಎತ್ತಿ ಬೆಳೆಸಿದ ಹಿರಿಯಣ್ಣ ಈಗ ತಮ್ಮನಿಗಿಂತ ಕೆಳಗಿನ ಮೆಟ್ಟಿಲಲ್ಲಿ.

ರಿಚರ್ಡ್ ಅದನ್ನು ನುಂಗಿಕೊಳ್ಳಲಾರದೆ ಹೋದ. 1821ರಿಂದ ಐರ್ಲೆಂಡಿನ ಲಾರ್ಡ್ ಲೆಫ್ಟಿನೆಂಟ್ ಆಗಿದ್ದಾಗ ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ಸಿಗಬೇಕೆಂಬ ನಿಲುವು ತಳೆದ. 1825ರಲ್ಲಿ ಮೇರಿಯಾನ್ ಪ್ಯಾಟರ್ಸನ್ ಎಂಬ ಅಮೆರಿಕದ ಕ್ಯಾಥೊಲಿಕ್ ವಿಧವೆಯನ್ನು ಮದುವೆಯಾದ. ಆಕೆಯ ಮೇಲೆ ಆರ್ಥರನಿಗೇ ಒಲವಿತ್ತು, ಆದ್ದರಿಂದ ಈ ಮದುವೆ ಅವನಿಗೆ ಬಲವಾಗಿ ಚುಚ್ಚಿತು. ಇನ್ನೂ ಒಂದು ಸೋಜಿಗ: ಆಕೆಯ ಮೊದಲ ಗಂಡನ ತಂಗಿ ಮದುವೆಯಾಗಿದ್ದದ್ದು ನೆಪೋಲಿಯನ್ನನ ತಮ್ಮ ಜೆರೋಮನನ್ನು. ವಾಟರ್ಲೂವಿನ ಎರಡೂ ಕಡೆಯವರು ಹೀಗೆ ದೂರದ ನೆಂಟರಾದರು. 1828ರ ಜನವರಿಯಲ್ಲಿ ಆರ್ಥರ್ ಪ್ರಧಾನಿಯಾದಾಗ ಅಣ್ಣನಿಗೆ ಮಂತ್ರಿಮಂಡಲದಲ್ಲಿ ಜಾಗ ಸಿಗಲಿಲ್ಲ. ಅಣ್ಣ ಐರ್ಲೆಂಡಿನ ಪದವಿಯನ್ನೂ ಬಿಟ್ಟ.

ಆದರೆ ಅಣ್ಣ ಬಯಸಿದ್ದನ್ನು ಮಾಡಿ ಮುಗಿಸಿದವನು ತಮ್ಮನೇ. ಐರ್ಲೆಂಡಿನಲ್ಲಿ ಅಂತರ್ಯುದ್ಧ ಹೊತ್ತಿಕೊಳ್ಳಬಹುದೆಂದು ಅವನು ಹೆದರಿದ್ದ. ದೊರೆ ನಾಲ್ಕನೇ ಜಾರ್ಜ್ ಅತ್ತು ಕರೆದು ಅಡ್ಡಿಮಾಡಿದರೂ ಒಪ್ಪಿಸಿ, 1829ರ ಏಪ್ರಿಲ್‌ನಲ್ಲಿ ಕ್ಯಾಥೊಲಿಕರ ಹಕ್ಕಿನ ಕಾಯಿದೆಯನ್ನು ಜಾರಿಗೆ ತಂದ. ತನ್ನನ್ನು ಮೋಸಗಾರ ಎಂಬರ್ಥದಲ್ಲಿ ಬರೆದ ವಿಂಚಿಲ್ಸೀ ಪ್ರಭುವಿನ ಜೊತೆ ಪ್ರಧಾನಿಯಾಗಿದ್ದುಕೊಂಡೇ ಪಿಸ್ತೂಲಿನ ದ್ವಂದ್ವಕ್ಕೆ ನಿಂತ. ಇವನ ಗುಂಡು ಪಕ್ಕಕ್ಕೆ ಹೋಯಿತು, ಅವನು ಆಕಾಶಕ್ಕೆ ಹೊಡೆದ. ಅವನ ರಾಜಕೀಯದಲ್ಲಿ ನಾನು ಮನಸಾರೆ ಮೆಚ್ಚುವ ಕೆಲಸ ಈ ಕಾಯಿದೆ. ಮರುವರ್ಷ ಮತದಾನದ ಸುಧಾರಣೆಯ ಮಾತು ಬಂದಾಗ, ಈಗಿರುವ ವ್ಯವಸ್ಥೆಗಿಂತ ಉತ್ತಮವಾದದ್ದು ಇಲ್ಲ ಎಂದು ಹಟ ಹಿಡಿದ. ಅಧಿಕಾರ ಹೋಯಿತು, ಜನರ ಕೋಪಕ್ಕೂ ಗುರಿಯಾದ.

ಮಕ್ಕಳ ಮಾತು ಹೇಳಿಬಿಡುತ್ತೇನೆ. ಹಿರಿಯವನು ಸೈನ್ಯಕ್ಕೆ ಸೇರಿದ, ಪಾರ್ಲಿಮೆಂಟಿಗೂ ಹೋದ. ಡ್ಯೂಕ್ ಆಫ್ ವೆಲ್ಲಿಂಗ್ಟನ್ ಬಂದರು ಎಂದು ಸಾರಿದಾಗ ಒಳಗೆ ಬರುವವನು ನಾನಷ್ಟೇ ಆದರೆ ಜನರಿಗೆ ಹೇಗನಿಸಬಹುದು ಎಂದು ಕೊರಗುತ್ತಿದ್ದನಂತೆ. ಅವನಿಗೆ ಮಕ್ಕಳಾಗಲಿಲ್ಲ, ಪದವಿ ಮುಂದೆ ಚಾರ್ಲ್ಸನ ಮಗನಿಗೆ ಹೋಯಿತು. ಇತ್ತ ಸಲಾಬತ್ ಖಾನ್ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿದ. 1822ರಲ್ಲಿ ಕಾಲರಾ ತಗುಲಿ ತೀರಿಕೊಂಡ, ಇಪ್ಪತ್ತಾರರ ಹತ್ತಿರದ ವಯಸ್ಸು. ಅದೇ ವರ್ಷ ಡ್ಯೂಕ್ ಇಟಲಿಯ ವೆರೋನಾದಲ್ಲಿ ಯುರೋಪಿನ ದೊರೆಗಳ ಸಭೆಯಲ್ಲಿ ಕೂತಿದ್ದ.

ಕೊನೆಗೆ ಕಿಟ್ಟಿಯ ವಿಷಯ. 1831ರ ವಸಂತದಲ್ಲಿ ಲಂಡನ್ನಿನ ಆಪ್ಸ್‌ಲಿ ಹೌಸ್‌ನಲ್ಲಿ, ಗಂಡ ಗೆದ್ದು ತಂದ ಕಾಣಿಕೆಗಳ ನಡುವೆ ಆಕೆ ಹಾಸಿಗೆ ಹಿಡಿದಳು. ಡ್ಯೂಕ್ ಪಕ್ಕದಲ್ಲೇ ಕೂತಿರುತ್ತಿದ್ದ. ಒಂದು ದಿನ ಆಕೆ ಅವನ ಅಂಗಿಯ ತೋಳಿನೊಳಗೆ ಕೈಯಾಡಿಸಿದಳು. ಎಂದೋ ತಾನು ಕೊಟ್ಟಿದ್ದ ತಾಯಿತವೊಂದನ್ನು ಇನ್ನೂ ಕಟ್ಟಿಕೊಂಡಿದ್ದಾನೆಯೇ ಎಂದು ಹುಡುಕಿದಳು. ಅದು ಅಲ್ಲೇ ಇತ್ತು. ಏಪ್ರಿಲ್ 24ರಂದು ಆಕೆ ಹೋದಳು. ಮೂರು ದಿನ ಕಳೆದು, ಹೆಣ ಇನ್ನೂ ಮನೆಯಲ್ಲಿರುವಾಗಲೇ, ಸುಧಾರಣೆ ಬೇಕೆಂಬ ಗುಂಪು ಬಂದು ಆ ಮನೆಯ ಕಿಟಕಿ ಗಾಜುಗಳಿಗೆ ಕಲ್ಲು ತೂರಿತು.

ತಾಯಿತದ ಸಂಗತಿ ನಮಗೆ ತಿಳಿದದ್ದು ಡ್ಯೂಕ್ ಆಮೇಲೆ ಒಬ್ಬರ ಬಳಿ ಹೇಳಿಕೊಂಡದ್ದರಿಂದ. ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು, ಈ ಇಪ್ಪತ್ತು ವರ್ಷಗಳಲ್ಲಿ ಯಾವತ್ತು ಹುಡುಕಿದ್ದರೂ ಸಿಗುತ್ತಿತ್ತು ಎಂದ.